ಕೋಲದ ಸ್ಯಾಕ್ಸ್, ಚರ್ಚಿನ ಕಾಯರ್

ನಮ್ಮ ಮನೆ ಕಾರ್ಕಳದ ಹತ್ತಿರದ ಒಂದು ಹಳ್ಳಿಯಲ್ಲಿ. ಚಿಕ್ಕವನಿದ್ದಾಗ ಗದ್ದೆಯ ಈಚೆ ಬದಿಯಲ್ಲಿ ಕೋಲ ಇದ್ದರೆ ರಾತ್ರಿಯಿಡೀ ಸ್ಯಾಕ್ಸೋಫೋನ್ ಕೇಳ್ತಿತ್ತು. ಆಚೆ ಬದಿಯ ಚರ್ಚಿನಿಂದ ಭಾನುವಾರ ಬೆಳಿಗ್ಗೆ ಕೊಂಕಣಿ ಕಾಯರ್. ಸ್ಯಾಕ್ಸ್ ಹೊರಗಿನಿಂದ ಬಂದದ್ದು ಅಂತ ನನಗೆ ಗೊತ್ತಾದದ್ದೇ ಮಣಿಪಾಲದಲ್ಲಿ ಬಿಇ ಓದುವಾಗ. ಹಾಸ್ಟೆಲಿನಲ್ಲಿ ಯಾರೋ ಜಾಝ್ ಹಾಕಿದ್ದರು. "ಇದು ನಮ್ಮ ಕೋಲದ ವಾದ್ಯ ಅಲ್ವಾ ಮಾರಾಯ" ಅಂದೆ. ಎಲ್ಲರೂ ನಕ್ಕರು.

ನಗುವಂಥದ್ದೇನಿಲ್ಲ, ಚರಿತ್ರೆ ನೋಡಿ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಈ ವಾದ್ಯಕ್ಕೆ ಪೇಟೆಂಟ್ ಪಡೆದ. ಅವನು ಮಾಡಿದ್ದು ಒಂದು ವಾದ್ಯ ಅಲ್ಲ, ಸಣ್ಣದು ದೊಡ್ಡದು ಸೇರಿ ಒಂದು ಕುಟುಂಬ. ಅದರಲ್ಲಿ ಸೊಪ್ರಾನೊ, ಆಲ್ಟೊ, ಟೆನರ್, ಬ್ಯಾರಿಟೋನ್ ನಾಲ್ಕನ್ನು ಕೂರಿಸಿದರೆ ಕ್ವಾರ್ಟೆಟ್. ಚರ್ಚಿನ ಕಾಯರಿನಲ್ಲೂ ಹೆಚ್ಚುಕಡಿಮೆ ಇದೇ ಲೆಕ್ಕ: ಹೆಂಗಸರದ್ದು ಎರಡು ದನಿ, ಗಂಡಸರದ್ದು ಎರಡು. ಮೇಲಾಗಿ ಎರಡೂ ಉಸಿರಿನಿಂದಲೇ ಹುಟ್ಟುವ ನಾದ. ಕಾಯರ್ ಮತ್ತು ಸ್ಯಾಕ್ಸ್ ಕ್ವಾರ್ಟೆಟ್ ಸೇರಿಸಿ ಬರೆಯುವ ಇಂದಿನ ಪಾಶ್ಚಾತ್ಯ ಸಂಗೀತಗಾರರಿಗೆ ಈ ಸಂಬಂಧವೇ ಬಂಡವಾಳ.

ನಮ್ಮ ಕರಾವಳಿಗೆ ಎರಡೂ ಬೇರೆ ಬೇರೆ ದಾರಿಯಲ್ಲಿ ಬಂದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್‌ನವರು ಜರ್ಮನ್ ಧಾಟಿಗಳಿಗೆ ಕನ್ನಡ ಕೀರ್ತನೆ ಕೂರಿಸಿದರು. ಕೆಥೊಲಿಕ್ ಚರ್ಚುಗಳಲ್ಲಿ ಲ್ಯಾಟಿನ್ ಪೂಜೆಯ ಜಾಗಕ್ಕೆ ಕೊಂಕಣಿ ಬಂದದ್ದು ಎರಡನೇ ವ್ಯಾಟಿಕನ್ ಸಭೆಯ (1962-65) ನಂತರ. ಇನ್ನು ಸ್ಯಾಕ್ಸ್: ಬಂಟ್ವಾಳದ ಸಜಿಪಮೂಡದಲ್ಲಿ 1949ರಲ್ಲಿ ಹುಟ್ಟಿದ ಕದ್ರಿ ಗೋಪಾಲನಾಥರು ನಾಗಸ್ವರ ವಿದ್ವಾಂಸರ ಮಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸ್ ಕೇಳಿ ಮರುಳಾದರು. ಗಮಕಕ್ಕೆ ಒಗ್ಗುವ ಹಾಗೆ ಅದನ್ನು ಪಳಗಿಸಲಿಕ್ಕೆ ವರ್ಷಗಟ್ಟಲೆ ದುಡಿದರು. ಅವರ ನಂತರ ನಾಗಸ್ವರ ನುಡಿಸುತ್ತಿದ್ದ ಮನೆಗಳಲ್ಲೇ ಮಕ್ಕಳು ಸ್ಯಾಕ್ಸ್ ಹಿಡಿದರು. ಅಂದ್ರೆ ನಾನು 'ಅನಾದಿಕಾಲದ್ದು' ಅಂದುಕೊಂಡಿದ್ದ ಎರಡೂ ಸದ್ದು ನಮ್ಮೂರಿಗೆ ಹೊಂದಿಕೊಂಡು ಎರಡು ತಲೆಮಾರು ಆಗಿರಬಹುದು, ಅಷ್ಟೇ.

1994 ಒಂದು ವಿಚಿತ್ರ ವರ್ಷ. ಆ ವರ್ಷ ಗೋಪಾಲನಾಥರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿ ಪ್ರಾಮ್ಸ್ ಕಛೇರಿ ಕೊಟ್ಟರು. ಅದೇ ವರ್ಷ ನಾರ್ವೆಯ ಯಾನ್ ಗಾರ್ಬರೆಕ್ ಮತ್ತು ಇಂಗ್ಲೆಂಡಿನ ಹಿಲಿಯರ್ಡ್ ಗಾಯಕರ 'ಅಫಿಸಿಯಂ' ಆಲ್ಬಂ ಬಂತು. ಆಸ್ಟ್ರಿಯಾದ ಒಂದು ಮಠದಲ್ಲಿ ನಾಲ್ಕು ಗಂಡು ದನಿಗಳು ಶತಮಾನಗಳ ಹಿಂದಿನ ಲ್ಯಾಟಿನ್ ಗೀತೆ ಹಾಡ್ತವೆ, ಮೇಲಿಂದ ಒಂದೇ ಸ್ಯಾಕ್ಸ್ ಮನೋಧರ್ಮದಲ್ಲಿ ಅಲೆಯುತ್ತದೆ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಹೆಡ್‌ಫೋನ್ ಹಾಕಿ ಮೊದಲ ಸಲ ಅದನ್ನು ಕೇಳಿದಾಗ, ನಮ್ಮ ಗದ್ದೆಯ ಎರಡೂ ಬದಿ ಒಟ್ಟಿಗೆ ಕೇಳಿದ ಹಾಗಾಯ್ತು.

ಹಾಗಾದ್ರೆ ನಮ್ಮಲ್ಲಿ ಯಾಕೆ ಇವೆರಡು ಸೇರಲಿಲ್ಲ? ಚರ್ಚ್ ಹಬ್ಬದ ಬ್ಯಾಂಡಿನಲ್ಲೂ ಸ್ಯಾಕ್ಸ್ ಉಂಟು, ಆದರೆ ಅದು ಅಂಗಳದಲ್ಲಿ, ಮೆರವಣಿಗೆಗೆ. ಕಾಯರ್ ಒಳಗೆ. ಸಂಗೀತದ್ದೇ ಒಂದು ಕಾರಣವೂ ಉಂಟು. ನಾಲ್ಕು ದನಿ ಹೊಂದಬೇಕಾದರೆ ಪ್ರತಿ ಸ್ವರ ತನ್ನ ಜಾಗದಲ್ಲಿ ನಿಲ್ಲಬೇಕು. ಗಮಕದಲ್ಲಿ ಸ್ವರ ನಿಲ್ಲುವುದೇ ಇಲ್ಲ, ತೂಗುತ್ತದೆ. ಆದರೆ ಗಾರ್ಬರೆಕ್ ದಾರಿ ತೋರಿಸಿದ್ದಾರಲ್ಲ: ದನಿಗಳು ನಿಲ್ಲಲಿ, ಸ್ಯಾಕ್ಸ್ ಅಲೆಯಲಿ. ತಂಬೂರಿಯ ಜಾಗದಲ್ಲಿ ಕಾಯರ್ ಇಟ್ಟುಕೊಂಡರೆ ಆಲಾಪನೆ ಮಾಡಲಿಕ್ಕೆ ಯಾವ ತೊಂದರೆ?

ತೊಂದರೆ ಬೇರೆಯೇ ಉಂಟು, ನಮಗೆಲ್ಲ ಗೊತ್ತು. ಅತ್ತೂರು ಜಾತ್ರೆಗೆ ನಮ್ಮಜ್ಜಿ ಮೇಣದಬತ್ತಿ ಹಚ್ಚಲಿಕ್ಕೆ ಹೋಗ್ತಿದ್ದರು, ಯಾರೂ ಕೇಳ್ತಿರಲಿಲ್ಲ. ಈಗ ಯಾರು ಯಾರ ಅಂಗಳಕ್ಕೆ ಹೋದರು ಅಂತ ವಾಟ್ಸಾಪಿನಲ್ಲಿ ಲೆಕ್ಕ ಇಡ್ತಾರೆ.

ಹೋದ ವರ್ಷ ಕೋಲಕ್ಕೆ ಊರಿಗೆ ಹೋದಾಗ ಸ್ಯಾಕ್ಸ್ ನುಡಿಸುವ ಅಣ್ಣನಿಗೆ ಮೊಬೈಲಿನಲ್ಲಿ 'ಅಫಿಸಿಯಂ' ಕೇಳಿಸಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಆಮೇಲೆ ಗದ್ದೆಯ ಆಚೆ ನೋಡಿ, "ನಮ್ಮ ಚರ್ಚಿನವರ ಶ್ರುತಿ ಯಾವುದು, ನಿಂಗೆ ಗೊತ್ತುಂಟಾ?" ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಕೇಳಿಯೂ ಗೊತ್ತಿರಲಿಲ್ಲ.