ಮೊದಲು ಹೊಳೆ ದಾಟಿದವರು ಯಾರು? ಡಿಎನ್‌ಎ ಹೇಳುವುದೆಷ್ಟು, ಹೇಳದ್ದೆಷ್ಟು

ಸಾಗರದಿಂದ ಸಿಗಂದೂರಿಗೆ ಹೋಗಿಬಂದವರಿಗೆ ಹೊಳೆಬಾಗಿಲು ಅಂದರೆ ಲಾಂಚ್. 2025ರ ಜುಲೈನಲ್ಲಿ ಸೇತುವೆ ತೆರೆಯಿತು, ದಡದಲ್ಲಿ ಕಾಯುವುದು ತಪ್ಪಿತು. ಆದರೆ ಲಿಂಗನಮಕ್ಕಿ ಹಿನ್ನೀರಿಗೂ ಮೊದಲು, ದೋಣಿಗೂ ಮೊದಲು, ಈ ಘಟ್ಟಸೀಮೆಗೆ ಮನುಷ್ಯರು ಬಂದದ್ದು ಯಾವಾಗ, ಎಲ್ಲಿಂದ? ಉತ್ತರ ಹುಡುಕಲು ಈಗ ಎರಡು ದಾಖಲೆಗಳಿವೆ: ಬದುಕಿರುವವರ ಡಿಎನ್‌ಎ ಮತ್ತು ಹಳೆಯ ಹವಾಮಾನ.

ಮೂಳೆ ಯಾಕೆ ಸಿಗಲ್ಲ?

ಸಾಗರ, ಹೊಸನಗರ, ತೀರ್ಥಹಳ್ಳಿಯ ಕೆಂಪು ಜಂಬಿಟ್ಟಿಗೆ ಮಣ್ಣು ಆಮ್ಲೀಯ. ಮೇಲಿಂದ ಮಲೆನಾಡಿನ ಮಳೆ. ಇಂಥಲ್ಲಿ ಹೂತ ಮೂಳೆ ಕರಗುತ್ತದೆ, ಬಿಸಿಲು ಮತ್ತು ತೇವ ಡಿಎನ್‌ಎಯನ್ನು ಚೂರು ಮಾಡುತ್ತವೆ. ಒಣ ಪ್ರದೇಶವಾದ ಹರಿಯಾಣದ ರಾಖಿಗಢಿಯಲ್ಲೇ 60ಕ್ಕೂ ಹೆಚ್ಚು ಮಾದರಿ ಪರೀಕ್ಷಿಸಿದಾಗ ಓದಲು ಸಿಕ್ಕಿದ್ದು ಒಬ್ಬ ಹೆಂಗಸಿನದು ಮಾತ್ರ. ಆ ಫಲಿತಾಂಶ ಪ್ರಕಟವಾಗಿದ್ದು 2019ರಲ್ಲಿ. ಹಾಗಾಗಿ ನಮ್ಮ ಕಡೆ ಬದುಕಿರುವವರ ರಕ್ತವೇ ಮುಖ್ಯ ದಾಖಲೆ.

ರಕ್ತದ ಗಡಿಯಾರ

ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ. ನಕಲಾಗುವಾಗ ಅಪರೂಪಕ್ಕೆ ಒಂದು ಅಕ್ಷರ ತಪ್ಪುತ್ತದೆ. ಆ ತಪ್ಪು ಮುಂದಿನ ಪೀಳಿಗೆಗಳಿಗೂ ಹೋಗುತ್ತದೆ. ಸಾಫ್ಟ್‌ವೇರ್‌ನ ವರ್ಷನ್ ಹಿಸ್ಟರಿ ಇದ್ದಂತೆ. ತಪ್ಪುಗಳನ್ನು ಎಣಿಸಿದರೆ ಎರಡು ಕವಲು ಬೇರೆಯಾದ ಕಾಲ ಅಂದಾಜಿಗೆ ಸಿಗುತ್ತದೆ. ಭಾರತೀಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಾಯಿಬೇರು ‘ಎಂ’ ಎಂಬ ಕವಲಿನದು. ಸುಮಾರು 50ರಿಂದ 70 ಸಾವಿರ ವರ್ಷಗಳ ಹಿಂದೆ ಆಫ್ರಿಕಾ ಬಿಟ್ಟು ಹೊರಟವರ ಗುರುತು ಅದು.

ಘಟ್ಟದ ಕೆಳಗೆ ಇನ್ನೊಂದು ಸುಳಿವಿದೆ. ಕರಾವಳಿಯ ಕೊರಗ ಸಮುದಾಯದ ಜೀನೋಮ್ ಓದಿದ ಮಂಗಳೂರು ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಹವರ್ತಿಗಳೂ ಸುಮಾರು 4,400 ವರ್ಷ ಹಳೆಯ ಪ್ರತ್ಯೇಕ ಪೂರ್ವಜ ಅಂಶವೊಂದನ್ನು ಗುರುತಿಸಿದ್ದಾರೆ. ದ್ರಾವಿಡ ಭಾಷೆಗಳ ಮೂಲದ ಚರ್ಚೆಗೆ ಇದು ಹೊಸ ಸರಕು.

ಪರಾಗದ ಗಡಿಯಾರ

ಆಂಧ್ರದ ಜ್ವಾಲಾಪುರಂನಲ್ಲಿ 74 ಸಾವಿರ ವರ್ಷ ಹಿಂದಿನ ಟೋಬಾ ಜ್ವಾಲಾಮುಖಿಯ ಬೂದಿ ಸಿಕ್ಕಿತು. ಬೂದಿಯ ಕೆಳಗೂ ಮೇಲೂ ಒಂದೇ ಬಗೆಯ ಕಲ್ಲಿನ ಹತಾರಗಳು! ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ರವಿ ಕೋರಿಶೆಟ್ಟರ್ ಇದ್ದ ತಂಡ 2007ರಲ್ಲಿ ಇದನ್ನು ಪ್ರಕಟಿಸಿತು. ಮೂಳೆ ಸಿಗದ್ದರಿಂದ ಹತಾರ ಮಾಡಿದ್ದು ನಮ್ಮ ಜಾತಿಯ ಮನುಷ್ಯರೇ ಅನ್ನುವ ವಾದ ಇನ್ನೂ ನಿಂತಿಲ್ಲ.

ನೀಲಗಿರಿಯ ಜೌಗುಮಣ್ಣು, ಹಿಮಯುಗದ ತುದಿಯಲ್ಲಿ ಸುಮಾರು 20 ಸಾವಿರ ವರ್ಷಗಳ ಹಿಂದೆ, ಮುಂಗಾರು ಸೊರಗಿದ್ದನ್ನು ತೋರಿಸುತ್ತದೆ. ಘಟ್ಟದ ಹೊಳೆಗಳು ಸಮುದ್ರಕ್ಕೆ ಒಯ್ದ ಪರಾಗವನ್ನು ಕಾರವಾರದ ಆಚೆಯ ಕೆಸರಿನಿಂದ ತೆಗೆದು 1994ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು 3,500 ವರ್ಷಗಳಿಂದೀಚೆಗೆ ಇಲ್ಲಿನ ಹವೆ ಒಣಗಿತು, ನಿತ್ಯಹರಿದ್ವರ್ಣ ಕಾಡು ಕುಗ್ಗಿತು.

ಕೂಡಿಸುವಾಗ ಎಚ್ಚರ

4,400ಕ್ಕೂ 3,500ಕ್ಕೂ ನಡುವೆ ಒಂದು ಗೆರೆ ಎಳೆದು, ‘ಬರ ಬಂತು, ಜನ ಹೊರಟರು’ ಅನ್ನೋದು ಸುಲಭ. ಆದರೆ ಎರಡೂ ಗಡಿಯಾರ ನೂರಾರು ವರ್ಷ ಆಚೀಚೆ ಆಗುವಂಥವು. ಕಾಲ ಹೊಂದಿದ ಮಾತ್ರಕ್ಕೆ ಕಾರಣ ಸಿಕ್ಕಂತಲ್ಲ.

ಇನ್ನೊಂದು ಆಟ, ‘ನಾವೇ ಮೂಲದವರು’ ಅನ್ನುವುದು. ಹೈದರಾಬಾದಿನ ಸಿಸಿಎಂಬಿ ಮತ್ತು ಹಾರ್ವರ್ಡ್‌ನವರ 2013ರ ಅಧ್ಯಯನದ ಪ್ರಕಾರ, ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ದೇಶದ ಬಹುತೇಕ ಎಲ್ಲ ಗುಂಪುಗಳೂ ಪರಸ್ಪರ ಬೆರೆತಿವೆ. ಶುದ್ಧ ರಕ್ತ ಅನ್ನುವುದು ಯಾರಲ್ಲೂ ಇಲ್ಲ.

ಹಾಗಾಗಿ ಡಿಎನ್‌ಎ ಯಾರಿಗೂ ಹಕ್ಕುಪತ್ರ ಆಗಲಾರದು. ಹಕ್ಕು ತೀರ್ಮಾನವಾಗುವುದು ಬೇರೆ ಲೆಕ್ಕದಲ್ಲಿ. ಪರಿಶಿಷ್ಟ ಪಂಗಡಕ್ಕೆ ಸೇರದ ಕಾಡಂಚಿನ ಕುಟುಂಬ ಅರಣ್ಯ ಹಕ್ಕು ಕಾಯ್ದೆಯಡಿ ಜಮೀನು ಕೇಳಿದರೆ, 2005ರ ಡಿಸೆಂಬರ್ 13ಕ್ಕಿಂತ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ಕೊಡಬೇಕು. 1960ರ ದಶಕದಲ್ಲಿ ಲಿಂಗನಮಕ್ಕಿಗಾಗಿ ಎದ್ದುಬಂದವರ ಹಳೆಯ ಮನೆ ನೀರಿನಡಿ ಇದೆ. ಅರವತ್ತು ಸಾವಿರ ವರ್ಷದ ನಡಿಗೆಯನ್ನು ಓದಬಲ್ಲ ಕಾಲದಲ್ಲಿ, ಅಜ್ಜ ಹೊಳೆ ದಾಟಿದ್ದಕ್ಕೆ ಕಾಗದ ಹುಡುಕುವ ಪಾಡು ಮಾತ್ರ ತಪ್ಪಿಲ್ಲ.