ಶಿರ್ತಾಡಿ ರಸ್ತೆಯ ಕಾರುಗಳು ಮತ್ತು ‘ಮಿಸ್ಸಿಂಗ್’ ಹಿಡಿಯುವ ವಿದ್ಯೆ

ಇಂಜಿನ್ ಮಿಸ್ ಹೊಡೆಯುತ್ತದೆ ಎಂದು ಕಾರು ತಂದವರನ್ನು ನನ್ನ ಗುರುಗಳು ಮೊದಲು ಕೇಳುತ್ತಿದ್ದದ್ದು ಒಂದೇ: “ಮಳೆಗಾ, ಏರಿನಲ್ಲಾ?” ಮಳೆಗಾದರೆ ಮೊದಲು ಕಿಡಿಯ ಕಡೆ ನೋಡಬೇಕು, ಏರಿನಲ್ಲಾದರೆ ಪೆಟ್ರೋಲಿನ ಕಡೆ. ಮೂಡುಬಿದಿರೆ, ಶಿರ್ತಾಡಿ, ನಾರಾವಿ ನಡುವೆ ಜನರನ್ನು ತುಂಬಿಕೊಂಡು ಓಡುತ್ತಿದ್ದ ಸರ್ವಿಸ್ ಕಾರುಗಳ ಬಾನೆಟ್ಟಿನಡಿ ಕೆಲಸ ಕಲಿತ ನನಗೆ ಈ ಪ್ರಶ್ನೆಯೇ ಮೊದಲ ಪಾಠ.

ಪೆಟ್ರೋಲು ಬರುವ ದಾರಿಯ ತಾಪತ್ರಯ ನಮ್ಮ ಜಿಲ್ಲೆಗೆ ಹಳೆಯದು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂಬದಿಗೆ ಇದ್ದಿಲ ಒಲೆ ಕಟ್ಟಿ, ಅದರ ಗ್ಯಾಸಿನಿಂದ ಇಂಜಿನ್ ಓಡಿಸಿದರು. ಆ ಗ್ಯಾಸಿಗೆ ಬಲ ಕಡಿಮೆ. ಬೂದಿ, ಡಾಂಬರು ಕಟ್ಟಿ ಫಿಲ್ಟರ್ ಮುಚ್ಚಿತೆಂದರೆ ಏರಿನಲ್ಲಿ ಬಸ್ಸು ನಿಂತೇ ಹೋಗುತ್ತಿತ್ತು.

ಆಮೇಲೆ ಬಂದವು ಫಿಯೆಟ್ ಮತ್ತು ಅಂಬಾಸಿಡರ್. ನಾಲ್ಕು ಸಿಲಿಂಡರ್, ಕಿಡಿ ಹಾರುವ ಕ್ರಮ 1-3-4-2. ಇಂಜಿನ್ ಓಡುತ್ತಿರುವಾಗಲೇ ಪ್ಲಗ್ ವಯರನ್ನು ಒಂದೊಂದಾಗಿ ಕೀಳುತ್ತಿದ್ದೆವು. ಕಿತ್ತಾಗ ಸದ್ದು ಕುಗ್ಗಿದರೆ ಆ ಸಿಲಿಂಡರ್ ದುಡಿಯುತ್ತಿದೆ. ಏನೂ ವ್ಯತ್ಯಾಸವಾಗದಿದ್ದರೆ ಕಳ್ಳ ಅಲ್ಲಿದ್ದಾನೆ. ಬೆಂಗಳೂರಿನ ಮೈಕೋ ಪ್ಲಗ್ಗನ್ನು ಬಿಚ್ಚಿ ತುದಿ ನೋಡಿದರೆ ಮುಂದಿನದು ತಿಳಿಯುತ್ತಿತ್ತು: ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಬೆಳ್ಳಗಿದ್ದರೆ ಕಡಿಮೆ, ಪೆಟ್ರೋಲಿನಲ್ಲಿ ಒದ್ದೆಯಾಗಿದ್ದರೆ ಕಿಡಿಯೇ ಇಲ್ಲ. ಆಟಿ ತಿಂಗಳ ಮಳೆಯಲ್ಲಿ ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗೆ ತೇವ ಕೂರುತ್ತಿತ್ತು. ಒಣಬಟ್ಟೆಯಿಂದ ಒರೆಸಿ, ಪಾಯಿಂಟ್ ಉಜ್ಜಿ, ಸುಮಾರು 0.4 ಮಿ.ಮೀ. ಗ್ಯಾಪ್ ಇಟ್ಟರೆ ಕಾರು ಹೊರಡುತ್ತಿತ್ತು.

ಪೆಟ್ರೋಲಿನ ಪರೀಕ್ಷೆಯೂ ಅಷ್ಟೇ ನೇರ. ಕಾರ್ಬೊರೇಟರಿನ ಬಳಿ ಪೈಪು ಕಳಚಿ, ಪಾತ್ರೆಯೊಡ್ಡಿ ಇಂಜಿನ್ ತಿರುಗಿಸುವುದು. ಪೆಟ್ರೋಲು ಚಿಮ್ಮದಿದ್ದರೆ ಪಂಪಿನ ಡಯಾಫ್ರಾಮ್ ಹರಿದಿರಬೇಕು, ಇಲ್ಲವೇ ಪೈಪು ಕಟ್ಟಿರಬೇಕು. ಬೇಸಗೆಯಲ್ಲಿ ಚಾರ್ಮಾಡಿ ಘಾಟಿ ಹತ್ತುವಾಗ ಪೆಟ್ರೋಲು ಪೈಪಿನಲ್ಲೇ ಆವಿಯಾಗಿ ಕಾರು ನಿಂತರೆ, ಪಂಪಿಗೆ ಒದ್ದೆಬಟ್ಟೆ ಸುತ್ತಿ ಕಾಯುವುದೇ ಮದ್ದು.

1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು. ಅದರ ಮೂರು ಸಿಲಿಂಡರಿನಲ್ಲಿ ಒಂದು ಸತ್ತರೂ ಇಡೀ ಕಾರು ನಡುಗುತ್ತಿತ್ತು. 2000ದ ಹೊಗೆ ನಿಯಮಗಳ ಹೊತ್ತಿಗೆ ಹೊಸ ಕಾರುಗಳಿಂದ ಕಾರ್ಬೊರೇಟರ್ ಮರೆಯಾಗತೊಡಗಿತು. ಪಂಪು ಟ್ಯಾಂಕಿನೊಳಗೆ ಸೇರಿತು, ಇಂಜೆಕ್ಟರ್ ಬಂತು. ಇಂದು ಕ್ರ್ಯಾಂಕಿನ ವೇಗದಲ್ಲಾಗುವ ಸಣ್ಣ ಏರುಪೇರನ್ನೂ ಕಂಪ್ಯೂಟರ್ ಗುರುತಿಸುತ್ತದೆ. ಸ್ಕ್ಯಾನರಿನಲ್ಲಿ ಪಿ0302 ಎಂದು ಬಂದರೆ ಎರಡನೇ ಸಿಲಿಂಡರ್ ಮಿಸ್ ಎಂದರ್ಥ.

ಆದರೆ ಆ ಕೋಡ್ ಜಾಗ ತೋರಿಸುತ್ತದೆ, ಕಾರಣ ಹೇಳುವುದಿಲ್ಲ. ಕೋಡ್ ನೋಡಿದ ಕೂಡಲೇ ದುಬಾರಿ ಇಂಜೆಕ್ಟರ್ ಬದಲಿಸುವ ಹುಡುಗರಿಗೆ ನಾನು ಹೇಳುವುದಿಷ್ಟು: ಎರಡನೇ ಸಿಲಿಂಡರಿನ ಕಾಯಿಲನ್ನು ಒಂದನೆಯದಕ್ಕೆ ಹಾಕಿ ನೋಡಿ. ಮಿಸ್ಸಿಂಗೂ ಅದರೊಂದಿಗೇ ಹೋದರೆ ಕಾಯಿಲ್ ಕೆಟ್ಟಿದೆ. ಹೋಗದಿದ್ದರೆ ಪ್ಲಗ್, ಪೆಟ್ರೋಲಿನ ಪ್ರೆಶರ್, ಕಂಪ್ರೆಶನ್ ನೋಡಿ. ಇಂಜೆಕ್ಟರಿನ ಸರದಿ ಆಮೇಲೆ. ಕಾರಿನವರೇ, ಇಂಜಿನ್ ದೀಪ ಮಿನುಗಿದರೆ ಗಾಡಿ ಬದಿಗೆ ನಿಲ್ಲಿಸಿ. ಉರಿಯದ ಪೆಟ್ರೋಲು ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಟ್ಟುಬಿಡುತ್ತದೆ.