ಕಪ್ಪು ಹೆಗಲಿನ ಶಿಲುಬೆ

ರಾಕ್ಷಸನಿಗೆ ಕಪ್ಪು ಬಳಿಯಿರೆಂದು ತರಗತಿಯಲ್ಲಿ ನಾನು ಹೇಳುತ್ತಿದ್ದುದು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಆರನ್ ಡಗ್ಲಸ್ ಅವರ ಚಿತ್ರಗಳನ್ನು ಕಂಡ ಮೇಲೆ ಆ ಮಾತಿಗಾಗಿ ನಾಚಿದ್ದೇನೆ. ಅಮೆರಿಕದ ಕಾನ್ಸಾಸಿನಲ್ಲಿ 1899ರಲ್ಲಿ ಜನಿಸಿದ ಈ ಕಪ್ಪು ಜನಾಂಗದ ಕಲಾವಿದರು ಮೊದಲು ನನ್ನಂತೆಯೇ ಶಾಲಾ ಶಿಕ್ಷಕರು. 1925ರಲ್ಲಿ ನ್ಯೂಯಾರ್ಕಿನ ಹಾರ್ಲೆಮಿಗೆ ಬಂದರು. ವ್ಯಂಗ್ಯಚಿತ್ರಗಳಲ್ಲಿ ಕಪ್ಪು ಮೈ ನಗೆಪಾಟಲಿಗೆ ಈಡಾಗುತ್ತಿದ್ದ ಕಾಲವದು. ಜೇಮ್ಸ್ ವೆಲ್ಡನ್ ಜಾನ್ಸನ್ನರ 'ಗಾಡ್ಸ್ ಟ್ರಾಂಬೋನ್ಸ್' (1927) ಕವನಸಂಕಲನಕ್ಕೆ ಡಗ್ಲಸ್ ಬರೆದ ಶಿಲುಬೆಯ ಚಿತ್ರವನ್ನು ನೋಡಬೇಕು. ಅಲ್ಲಿ ಪ್ರಭಾವಲಯದೊಳಗಿನ ಕ್ರಿಸ್ತನು ತಿಳಿಬಣ್ಣದವನು, ಆದರೆ ಚಿಕ್ಕವನು. ಕಣ್ಣನ್ನು ಹಿಡಿದು ನಿಲ್ಲಿಸುವವನು ಅವನ ಶಿಲುಬೆಯನ್ನು ಹೊತ್ತ, ಆಫ್ರಿಕದ ಕುರೇನೆ ಪಟ್ಟಣದ ಸೀಮೋನ. ನೆರಳಿನಂಥ ದೊಡ್ಡ ಕಪ್ಪು ಆಕೃತಿ. ಭಾರಕ್ಕೆ ಬಾಗಿದ್ದರೂ ಹೆಜ್ಜೆ ಮುಂದಿಟ್ಟಿದೆ.

ಮೊನ್ನೆ ಮೊಮ್ಮಗಳು ರಾವಣನಿಗೆ ಯಾವ ಬಣ್ಣವೆಂದು ಕೇಳಿದಳು. ಬಣ್ಣದ ಪೆಟ್ಟಿಗೆಯನ್ನೇ ಅವಳ ಮುಂದಿರಿಸಿದೆ.